ಮಾತ್ರೆ ಪೆಟ್ಟಿಗೆಯ ಸಾವನದುರ್ಗ

ತುಮಕೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ. ಬೆಳಿಗ್ಗೆ ಎಂಟೂವರೆಗೆ ಷಟರ್ ಎತ್ತಿದರೆ ಇಳಿಸುವುದು ರಾತ್ರಿ ಒಂಬತ್ತೂವರೆಗೆ. ಮಧ್ಯಾಹ್ನ ಎರಡರಿಂದ ನಾಲ್ಕು ಬಿಡುವು ಎಂದು ಹೆಸರು. ಅದರೊಳಗೆ ಊಟ, ಬ್ಯಾಂಕು, ಅಮ್ಮನ ಬಿ.ಪಿ. ನೋಡುವುದು, ಮಗಳನ್ನು ಟ್ಯೂಷನ್‌ಗೆ ಬಿಡುವುದು ಎಲ್ಲವೂ ತುಂಬಿಕೊಂಡಿರುತ್ತವೆ. ಹೀಗಿದ್ದೂ ಕಳೆದ ಗಣೇಶನ ಹಬ್ಬದಿಂದ ಯುಗಾದಿಯೊಳಗೆ ಒಂದು ಬೆಟ್ಟ, ಬುರುಜುಗಳಿರುವ ಕೋಟೆಗೋಡೆ, ಮೂವತ್ತಾರು ಬಿದಿರು ಮೆಳೆ, ಐದು ಗುಡಿಸಲಿನ ಹಳ್ಳಿ ಕಟ್ಟಿ ಮುಗಿಸಿದ್ದೇನೆ. ಹಣ ಕೊಟ್ಟು ತಂದದ್ದು ಫೆವಿಕಾಲ್, ವಾಲ್ ಪುಟ್ಟಿ, ಬಣ್ಣ ಮತ್ತು ಕಟರ್‌ನ ಬ್ಲೇಡುಗಳು. ಉಳಿದದ್ದೆಲ್ಲ ಕಸದ ಗಾಡಿಗೆ ಹೋಗಬೇಕಾಗಿದ್ದ ಸಾಮಾನು.

ಇದು ವಾರ್‌ಗೇಮ್‌ಗಾಗಿ ಕಟ್ಟಿದ ರಣಭೂಮಿ. ಹೆಬ್ಬೆಟ್ಟಿನಷ್ಟೂ ಎತ್ತರವಿಲ್ಲದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಎಸೆದು ಗುಂಡು ತಗುಲಿತೋ ಇಲ್ಲವೋ ಎಂದು ತೀರ್ಮಾನಿಸುವ ಆಟ. ನನ್ನ ಎದುರಾಳಿ ನನ್ನ ಭಾಮೈದ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಬರುತ್ತಾನೆ. ಮೊದಲು ನಾವು ಪುಸ್ತಕಗಳನ್ನು ಪೇರಿಸಿ ಗುಡ್ಡ ಎನ್ನುತ್ತಿದ್ದೆವು, ಹಸಿರು ಟವೆಲ್ಲನ್ನು ಕಾಡು ಎನ್ನುತ್ತಿದ್ದೆವು. ಒಂದು ದಿನ ಅವನು, "ಭಾವ, ನನ್ನ ಫಿರಂಗಿ ನಿಂತಿರುವುದು ಬೆಟ್ಟದ ಮೇಲೋ, ಔಷಧಿ ಕ್ಯಾಟಲಾಗಿನ ಮೇಲೋ?" ಎಂದು ಕೇಳಿದ. ಅವತ್ತೇ ಶುರುವಾಯಿತು.

ಯಾವ ಕದನವನ್ನು ಆಡಬೇಕು ಎನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಇಲ್ಲದಿದ್ದರೆ ಕಂಡದ್ದನ್ನೆಲ್ಲ ಕಟ್ಟುತ್ತೀರಿ, ಆಡಲು ಕುಳಿತಾಗ ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ನಾನು ಆರಿಸಿಕೊಂಡದ್ದು 1791ರ ಸಾವನದುರ್ಗ. ಟಿಪ್ಪುವಿನ ವಿರುದ್ಧ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿಯಿತು, ಅಕ್ಟೋಬರ್‌ನಲ್ಲಿ ನಂದಿದುರ್ಗ ಹಿಡಿಯಿತು; ಶ್ರೀರಂಗಪಟ್ಟಣದ ಕಡೆಗೆ ಹೊರಡುವ ಮೊದಲು ಬೆನ್ನಹಿಂದೆ ಉಳಿದಿದ್ದ ಮಾಗಡಿಯ ಈ ದುರ್ಗವನ್ನು ತೆಗೆಯಬೇಕಾಗಿತ್ತು. ಸುತ್ತ ದಟ್ಟ ಬಿದಿರುಕಾಡು. ಕಾಡು ಕಡಿದು ದಾರಿ ಮಾಡಿ, ಭಾರದ ಫಿರಂಗಿಗಳನ್ನು ಎಳೆದು ತಂದು ಗೋಡೆ ಒಡೆದು, ಡಿಸೆಂಬರ್ 21ರಂದು ಹತ್ತಿದರು. ಒಂದು ಬಂಡೆ, ಒಂದು ಗೋಡೆ, ಒಂದು ಕಾಡು. ಇಷ್ಟೇ ಕಟ್ಟಿದರೆ ಸಾಕು ಎನ್ನುವುದು ಅಂಗಡಿಯವನ ಲೆಕ್ಕ.

ಒಣಗುವುದನ್ನು ರಾತ್ರಿಗೆ ಬಿಡಿ

ಸಮಯವಿಲ್ಲ ಎನ್ನುವವರಿಗೆ ನನ್ನ ಅನುಭವದಿಂದ ಒಂದು ಮಾತು. ಈ ಕೆಲಸದಲ್ಲಿ ಕೈ ಆಡುವ ಹೊತ್ತು ಕಡಿಮೆ, ಕಾಯುವ ಹೊತ್ತು ಹೆಚ್ಚು. ಐದು ನಿಮಿಷ ಅಂಟು ಹಚ್ಚಿದರೆ ಹನ್ನೆರಡು ಗಂಟೆ ಮುಟ್ಟುವಂತಿಲ್ಲ. ಇಡೀ ಭಾನುವಾರ ಬಿಡುವು ಮಾಡಿಕೊಂಡು ಕುಳಿತವನು ಅದರಲ್ಲಿ ಅರ್ಧ ದಿನ ಅಂಟು ಒಣಗುವುದನ್ನು ನೋಡುತ್ತಾ ಕೂರುತ್ತಾನೆ. ಆಮೇಲೆ ತಾಳ್ಮೆ ಕೆಟ್ಟು ಹಸಿಯ ಮೇಲೇ ಬಣ್ಣ ಬಳಿಯುತ್ತಾನೆ. ದಿನಕ್ಕೆ ಹದಿನೈದು ನಿಮಿಷ ಮಾತ್ರ ಸಿಗುವವನಿಗೆ ಆ ತೊಂದರೆಯೇ ಇಲ್ಲ. ಅವನು ಮಲಗಿದಾಗಲೂ ಫೆವಿಕಾಲ್ ದುಡಿಯುತ್ತಿರುತ್ತದೆ.

ಹಾಗಾಗಿ ನಾನು ಕೆಲಸಗಳನ್ನು ಮೂರು ಬಗೆಯಾಗಿ ಬೇರ್ಪಡಿಸಿ ಮೂರು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಕತ್ತರಿಸುವ, ಉಜ್ಜುವ ಕೆಲಸ ಒಂದು. ಇದಕ್ಕೆ ಬೆಳಕು ಬೇಕು, ಕಸ ಬೀಳುತ್ತದೆ, ಆದ್ದರಿಂದ ಮಧ್ಯಾಹ್ನ, ಮಹಡಿಯ ಮೇಲೆ. ಅಂಟಿಸುವ, ಪುಟ್ಟಿ ಹಚ್ಚುವ, ಬಣ್ಣ ಬಳಿಯುವ ಕೆಲಸ ಎರಡನೆಯದು. ಇದು ರಾತ್ರಿ ಊಟದ ನಂತರ, ಮಲಗುವ ಮುನ್ನ. ಮೂರನೆಯದು ಕಣ್ಣು ಅಷ್ಟಾಗಿ ಬೇಡದ, ಬೆರಳು ಮಾತ್ರ ಸಾಕಾಗುವ ಕೆಲಸ: ಮೊಟ್ಟೆ ಟ್ರೇಯನ್ನು ಕಲ್ಲುಗಳಾಗಿ ಹರಿಯುವುದು, ಪೊರಕೆಯ ಹುಲ್ಲು ಬಿಡಿಸುವುದು, ನಾರು ಎಳೆಯುವುದು. ಇದು ಅಮ್ಮನ ಧಾರಾವಾಹಿಯ ಹೊತ್ತಿಗೆ. ಕುಕ್ಕರ್ ಮೂರು ಸೀಟಿ ಹಾಕುವುದರೊಳಗೆ ನಾಲ್ಕು ಸೆಂಟಿಮೀಟರ್ ಗೋಡೆಯ ಕಲ್ಲು ಅಂಟಿಸಬಹುದು, ನಾನು ಅಳೆದಿದ್ದೇನೆ.

ಪೆಟ್ಟಿಗೆ ಮುಚ್ಚುವಾಗ ಒಂದು ಚೀಟಿಯಲ್ಲಿ ಮುಂದಿನ ಹೆಜ್ಜೆ ಬರೆದಿಡಿ. "ಬುರುಜಿಗೆ ಎರಡನೇ ಕೋಟ್ ಪುಟ್ಟಿ" ಎಂದಿದ್ದರೆ ನಾಲ್ಕು ದಿನ ಬಿಟ್ಟು ತೆರೆದರೂ ನೇರ ಕೈ ಹಾಕಬಹುದು. ಚೀಟಿ ಇಲ್ಲದಿದ್ದರೆ ಸಿಕ್ಕ ಹದಿನೈದು ನಿಮಿಷವೂ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಯೋಚಿಸುವುದರಲ್ಲೇ ಮುಗಿಯುತ್ತದೆ.

ನಿಮ್ಮ ಕಸುಬಿನ ಕಸವನ್ನು ನೋಡಿ

ಈ ಹವ್ಯಾಸದವರು ತೋರಿಸುವ ಸಾಮಗ್ರಿಗಳಲ್ಲಿ ಅರ್ಧ ನಮ್ಮ ಊರಿನಲ್ಲಿ ಸಿಗುವುದಿಲ್ಲ. ಅದನ್ನು ಹುಡುಕುತ್ತಾ ಕೂರುವ ಬದಲು ನೀವು ದಿನವೂ ಎಸೆಯುವ ಕಸವನ್ನು ಒಂದು ವಾರ ಎಸೆಯದೆ ನೋಡಿ. ನನ್ನ ಅಂಗಡಿಗೆ ಇನ್ಸುಲಿನ್ ಬರುವುದು ದಪ್ಪ ಥರ್ಮೋಕೋಲ್ ಪೆಟ್ಟಿಗೆಯಲ್ಲಿ. ಅದರ ಗೋಡೆ ಎರಡೂವರೆ ಸೆಂಟಿಮೀಟರ್ ದಪ್ಪ, ಕಾಳುಗಳು ಒತ್ತಾಗಿರುತ್ತವೆ; ಸ್ಟೇಷನರಿ ಅಂಗಡಿಯ ಸಡಿಲ ಹಾಳೆಗಿಂತ ಎಷ್ಟೋ ಚೆನ್ನಾಗಿ ಕತ್ತರಿಸಬಹುದು. ಮುಲಾಮಿನ ಅಲ್ಯೂಮಿನಿಯಂ ಟ್ಯೂಬನ್ನು ಸೀಳಿ, ಸಾಬೂನಿನಲ್ಲಿ ತೊಳೆದರೆ ಕಾಗದದಂತೆ ಬಗ್ಗುವ, ಬಗ್ಗಿಸಿದಂತೆಯೇ ನಿಲ್ಲುವ ತಗಡು ಸಿಗುತ್ತದೆ. ಬಾವುಟಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಗಾಳಿಗೆ ಅಲೆಯುತ್ತಿರುವಂತೆ ಮಡಿಸಬಹುದು. ಮಾತ್ರೆಯ ಪೆಟ್ಟಿಗೆಯೊಳಗೆ ಮಡಿಸಿಟ್ಟಿರುವ, ಯಾರೂ ಓದದ ತೆಳು ಮಾಹಿತಿ ಹಾಳೆ ಇದೆಯಲ್ಲ, ಅದು ಅಂಟಿನಲ್ಲಿ ನೆನೆದರೂ ಹರಿಯದೆ ಬಂಡೆಯ ಮೈಗೆ ಚರ್ಮದಂತೆ ಕೂರುತ್ತದೆ. ದಿನಪತ್ರಿಕೆಯ ಕಾಗದ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಪ್ರೋಟೀನ್ ಪುಡಿಯ ಡಬ್ಬ ಬುರುಜಾಯಿತು. ಸಿರಪ್ ಅಳೆಯುವ ಪುಟ್ಟ ಲೋಟ ಬೋರಲಾಗಿ ನಿಂತು ಹಳ್ಳಿಯ ಕಣಜವಾಯಿತು. ಹತ್ತಿ ಫಿರಂಗಿಯ ಹೊಗೆಯಾಯಿತು.

ಬಳಸಿದ ಸಿರಿಂಜು, ಸೂಜಿ, ಗಾಜಿನ ಆಂಪ್ಯೂಲ್ ಇವುಗಳನ್ನು ಮಾತ್ರ ಹವ್ಯಾಸಕ್ಕೆ ಮುಟ್ಟಬೇಡಿ. ಸೂಜಿಯಿಂದ ಫಿರಂಗಿ ನಳಿಕೆ ಮಾಡಬಹುದೇ ಎಂದು ಒಬ್ಬ ಹುಡುಗ ಕೇಳಿದ್ದ. ಬಾಲ್‌ಪೆನ್ನಿನ ಖಾಲಿ ರೀಫಿಲ್ ಇದೆ, ಸಾಕು.

ಟೈಲರ್ ಆಗಿದ್ದರೆ ನಿಮ್ಮ ಬಳಿ ದಾರದ ಉಂಡೆಯ ಕೊಳವೆಗಳಿರುತ್ತವೆ, ಹೋಟೆಲಿನವರಾದರೆ ಅಡಿಕೆ ಹಾಳೆಯ ತಟ್ಟೆ, ಎಲೆಕ್ಟ್ರಿಷಿಯನ್ ಆದರೆ ತಾಮ್ರದ ತಂತಿ. ಬಡಗಿಯ ಮನೆಯವರ ಮೇಲೆ ಮಾತ್ರ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ: ಮರದ ಹೊಟ್ಟನ್ನು ಜರಡಿ ಹಿಡಿದು ಹಸಿರು ಬಣ್ಣದಲ್ಲಿ ಕಲಸಿ ಒಣಗಿಸಿದರೆ ಹುಲ್ಲುನೆಲ ಸಿದ್ಧ.

ಅಳತೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪ್ಲಾಸ್ಟಿಕ್ ಸೈನಿಕರು 1:72 ಪ್ರಮಾಣದವರು. ನಿಜದ ಒಂದು ಮೀಟರ್ ಇಲ್ಲಿ ಸುಮಾರು 14 ಮಿಲಿಮೀಟರ್; ಆಳು 24 ಮಿಲಿಮೀಟರ್, ಬಾಗಿಲು 30, ಕೋಟೆಗೋಡೆ 6ರಿಂದ 7 ಸೆಂಟಿಮೀಟರ್. ಪೆನ್ಸಿಲಿನ ಮೇಲೆ ಈ ಗುರುತುಗಳನ್ನು ಬ್ಲೇಡಿನಿಂದ ಗೀರಿಟ್ಟುಕೊಂಡರೆ ಪ್ರತಿಸಲ ಲೆಕ್ಕ ಹಾಕಬೇಕಾಗಿಲ್ಲ. ಬೆಟ್ಟಕ್ಕೆ ಮಾತ್ರ ಈ ಪ್ರಮಾಣ ಮರೆತುಬಿಡಿ. ನೂರು ಮೀಟರ್ ಬಂಡೆ ಎಂದರೆ ಇಲ್ಲಿ 1.4 ಮೀಟರ್, ಮೇಜಿನ ಮೇಲಿಟ್ಟರೆ ಫ್ಯಾನಿಗೆ ತಾಗುತ್ತದೆ. ನನ್ನ ದುರ್ಗದ ಎತ್ತರ ಹದಿನೆಂಟು ಸೆಂಟಿಮೀಟರ್. ಎಲ್ಲರೂ ನಂಬಿದ್ದಾರೆ.

ಬಂಡೆ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ. ವಿಡಿಯೋಗಳಲ್ಲಿ ಕಾಣುವ ಬೆಟ್ಟಗಳೆಲ್ಲ ಹಸಿರು ಹುಲ್ಲಿನ ಮೆತ್ತನೆಯ ದಿಬ್ಬಗಳು. ಅದು ಇಂಗ್ಲೆಂಡಿನ ನೆಲ. ಬಂಡೆ ಬಂದರೆ ಬೂದು ಬಣ್ಣ, ಚೂಪು ಮೂಲೆ. ನಮ್ಮ ಮಧುಗಿರಿಯನ್ನೋ ಸಾವನದುರ್ಗವನ್ನೋ ಒಮ್ಮೆ ದೂರದಿಂದ ನೋಡಿ. ಒಂದೇ ಕಲ್ಲು, ಆನೆ ಮಲಗಿದಂತೆ ಬೆನ್ನು ನಯ. ಮೂಲೆಗಳೇ ಇಲ್ಲ. ಸಾವನದುರ್ಗಕ್ಕೆ ಎರಡು ಶಿಖರ: ಕರಿಗುಡ್ಡ, ಬಿಳಿಗುಡ್ಡ. ಹೆಸರಿನಲ್ಲೇ ಬಣ್ಣದ ಪಾಠವಿದೆ.

ಥರ್ಮೋಕೋಲ್ ಹಲಗೆಗಳನ್ನು ಒಂದಕ್ಕಿಂತ ಒಂದು ಚಿಕ್ಕದಾಗಿ, ಅಂಡಾಕಾರವಾಗಿ ಕತ್ತರಿಸಿ. ಕಟರ್‌ನ ಬ್ಲೇಡನ್ನು ಪೂರ್ತಿ ಹೊರಗೆಳೆದು, ಅದಕ್ಕೆ ಮೇಣದಬತ್ತಿ ಉಜ್ಜಿ, ಗರಗಸದಂತೆ ಎಳೆಯದೆ ಒಂದೇ ದಿಕ್ಕಿಗೆ ಉದ್ದವಾಗಿ ಎಳೆಯಿರಿ. ಬ್ಲೇಡು ಮೊಂಡಾದ ಕೂಡಲೇ ಕಾಳುಗಳು ಉದುರುತ್ತವೆ. ಆಗ ತುದಿ ಮುರಿದು ಹೊಸ ಅಲಗು ತೆಗೆಯಿರಿ. ಬಿಸಿ ತಂತಿಯಿಂದ ಕತ್ತರಿಸಿದರೆ ನಯವಾಗಿ ಬರುತ್ತದೆ, ಆದರೆ ಥರ್ಮೋಕೋಲ್ ಸುಡುವ ಹೊಗೆ ಕುಡಿಯುವಂಥದ್ದಲ್ಲ. ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಕತ್ತರಿಸುವ ಮೊದಲು ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದರೆ ಬಿಳಿ ಕಾಳು ಅಷ್ಟಾಗಿ ಮೈಗೆ ಹತ್ತುವುದಿಲ್ಲ. ಇದನ್ನು ಕಲಿಯುವ ಮೊದಲು ಒಂದು ಮಧ್ಯಾಹ್ನ ನಾನು ಹಾಗೆಯೇ ಅಂಗಡಿಗೆ ಹೋಗಿ ಕುಳಿತಿದ್ದೆ. ತಲೆಹೊಟ್ಟಿನ ಶ್ಯಾಂಪೂ ಕೇಳಲು ಬಂದ ಗಿರಾಕಿ ನನ್ನ ತಲೆ ನೋಡಿ, ಏನೂ ಕೊಳ್ಳದೆ ಹೊರಟುಹೋದರು.

ಹಲಗೆಗಳ ನಡುವೆ ಫೆವಿಕಾಲನ್ನು ಪೂರ್ತಿ ಬಳಿಯಬೇಡಿ. ಗಾಳಿಯಾಡದೆ ಒಳಗಿನ ಅಂಟು ವಾರವಾದರೂ ಹಸಿಯಾಗಿಯೇ ಇರುತ್ತದೆ. ಅಂಚಿನ ಸುತ್ತ ಬೊಟ್ಟು ಬೊಟ್ಟಾಗಿ ಇಟ್ಟು, ಮೇಲಿನಿಂದ ನಾಲ್ಕೈದು ಊದುಬತ್ತಿ ಕಡ್ಡಿಗಳನ್ನು ಮೊಳೆಯಂತೆ ಚುಚ್ಚಿ, ಎರಡು ರಾತ್ರಿ ಭಾರ ಹೇರಿ ಬಿಡಿ. ನನ್ನ ಭಾರ ನಾಲ್ಕು ಬಾಟಲಿ ಕೆಮ್ಮಿನ ಸಿರಪ್ಪು. ಬೇಗ ಆಗಲಿ ಎಂದು ರಬ್ಬರ್ ಸೊಲ್ಯೂಷನ್ ಹಚ್ಚಿದರೆ ಅದರ ದ್ರಾವಕ ಥರ್ಮೋಕೋಲನ್ನೇ ಕರಗಿಸುತ್ತದೆ. ಸ್ಪ್ರೇ ಡಬ್ಬಿಯ ಬಣ್ಣವೂ ಹಾಗೆಯೇ. ನನ್ನ ಮೊದಲ ಬೆಟ್ಟ ಕಪ್ಪು ಸ್ಪ್ರೇ ಬಿದ್ದ ಎರಡು ನಿಮಿಷದಲ್ಲಿ ಹುಳು ತಿಂದ ಹೂಕೋಸಿನಂತಾಯಿತು. ಮಗಳು ಅದನ್ನು ಚಂದ್ರನ ಮೇಲ್ಮೈ ಎಂದು ಶಾಲೆಯ ವಸ್ತುಪ್ರದರ್ಶನಕ್ಕೆ ಒಯ್ದು ಎರಡನೆಯ ಬಹುಮಾನ ತಂದಳು.

ಒಣಗಿದ ಮೇಲೆ ಮೆಟ್ಟಿಲುಗಳಂತಿರುವ ಅಂಚುಗಳನ್ನು ಓರೆಯಾಗಿ ಕೊಯ್ದು, ಒರಟು ಉಪ್ಪುಕಾಗದದಿಂದ ಉಜ್ಜಿ ಆನೆಬೆನ್ನು ಮಾಡಿ. ಎಲ್ಲ ಕಡೆ ಹಾಗೆ ಮಾಡಬೇಡಿ: ಸೈನಿಕರು ನಿಲ್ಲಲು ಮೂರು ಕಡೆ ಮೂರು ಬೆರಳಗಲದ ಸಮತಟ್ಟು ಬಿಡಿ. ನೋಡಲು ಬಂಡೆ ಚೆನ್ನಾಗಿದ್ದು ಸೈನಿಕ ಜಾರಿ ಬೀಳುವಂತಿದ್ದರೆ ಅದನ್ನು ಷೋಕೇಸಿನಲ್ಲಿ ಇಡಬೇಕು, ಆಟಕ್ಕೆ ಆಗುವುದಿಲ್ಲ. ಈಗ ಮಾಹಿತಿ ಹಾಳೆಗಳನ್ನು ಅಂಗೈಯಗಲ ಹರಿದು, ಒಂದು ಪಾಲು ಫೆವಿಕಾಲ್ ಒಂದು ಪಾಲು ನೀರಿನಲ್ಲಿ ನೆನೆಸಿ, ಎರಡು ಪದರ ಹೊದಿಸಿ. ಮರುದಿನ ವಾಲ್ ಪುಟ್ಟಿಯನ್ನು ಮೊಸರಿನ ಹದಕ್ಕೆ ಕಲಸಿ, ಅದಕ್ಕೆ ಸ್ವಲ್ಪ ಫೆವಿಕಾಲ್ ಸೇರಿಸಿ ತೆಳುವಾಗಿ ಬಳಿಯಿರಿ. ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ. ಕಾಲು ಭಾಗ ಒಣಗಿದಾಗ ಒದ್ದೆ ಸ್ಪಂಜಿನಿಂದ ಮೆಲ್ಲಗೆ ಒತ್ತಿದರೆ ಕಣಶಿಲೆಯ ತರಿ ಬರುತ್ತದೆ.

ಬಣ್ಣಕ್ಕೆ ಸಣ್ಣ ಸಣ್ಣ ದುಬಾರಿ ಶೀಶೆಗಳು ಬೇಡ. ಬಣ್ಣದ ಅಂಗಡಿಯಲ್ಲಿ ಒಂದು ಚಿಕ್ಕ ಡಬ್ಬ ಬಿಳಿ ಎಮಲ್ಷನ್, ಜೊತೆಗೆ ಕಪ್ಪು, ಹಳದಿ, ಕೆಂಗಂದು ಸ್ಟೈನರ್‌ಗಳ, ಅಂದರೆ ಎಮಲ್ಷನ್‌ಗೆ ಬೆರೆಸುವ ಗಾಢ ಬಣ್ಣಗಳ, ಪುಟ್ಟ ಶೀಶೆ ತನ್ನಿ. ಐದು ವರ್ಷ ಬರುತ್ತವೆ. ಮೊದಲು ಕಪ್ಪಿಗೆ ಕೆಂಗಂದು ಬೆರೆಸಿದ ಗಾಢ ಬಣ್ಣ, ಸಂದುಗೊಂದು ಬಿಡದೆ. ಒಣಗಿದ ಮೇಲೆ ಅದಕ್ಕೆ ಬಿಳಿ ಸೇರಿಸಿ ಹರಿದ ಸ್ಪಂಜಿನಿಂದ ಒತ್ತುವುದು. ಆಮೇಲೆ ಬಿಳಿಗೆ ಹಳದಿ ಮತ್ತು ಒಂದು ಹನಿ ಕೆಂಗಂದು. ಮಸಾಲೆ ಕಡಿಮೆಯಾದ ಹುಳಿಯ ಬಣ್ಣ ಬರುತ್ತದೆ. ಇದನ್ನು ಅಗಲ ಬ್ರಶ್ಶಿಗೆ ತೆಗೆದುಕೊಂಡು, ಹಳೆಯ ಬಟ್ಟೆಯ ಮೇಲೆ ಬ್ರಶ್ಶನ್ನು ಬಹುತೇಕ ಒರೆಸಿಬಿಟ್ಟು, ಒಣ ಬ್ರಶ್ಶಿನಿಂದ ಉಬ್ಬುಗಳನ್ನಷ್ಟೇ ಸವರಬೇಕು. ಈ ಒಣ ಬ್ರಶ್ಶಿನ ಕೆಲಸವೊಂದನ್ನು ಕಲಿತರೆ ಅರ್ಧ ವಿದ್ಯೆ ಬಂದಂತೆ.

ಕೊನೆಗೆ ನಮ್ಮ ಬಂಡೆಗಳ ನಿಜವಾದ ಗುರುತು: ಮೇಲಿನಿಂದ ಕೆಳಕ್ಕೆ ಇಳಿದಿರುವ ಕಪ್ಪು ಪಟ್ಟೆಗಳು. ಮಳೆನೀರು ಪ್ರತಿವರ್ಷ ಹರಿಯುವ ದಾರಿಯಲ್ಲಿ ಪಾಚಿ ಹತ್ತಿ ಕಪ್ಪಾಗಿರುತ್ತದೆ. ಇದನ್ನು ಬ್ರಶ್ಶಿನಿಂದ ಬರೆಯಲು ಹೋದರೆ ಜೀಬ್ರಾ ಆಗುತ್ತದೆ. ಕಪ್ಪು ಸ್ಟೈನರನ್ನು ಬಹಳ ನೀರಾಗಿ ಕಲಸಿ ಡ್ರಾಪರ್‌ನಲ್ಲಿ ತುಂಬಿ, ಬೆಟ್ಟದ ನೆತ್ತಿಯ ಮೇಲೆ ಹನಿ ಹನಿಯಾಗಿ ಬಿಡಿ. ದಾರಿಯನ್ನು ನೀರೇ ಹುಡುಕಿಕೊಳ್ಳುತ್ತದೆ. ನನ್ನ ಬೆಟ್ಟ ಬೆಟ್ಟವಾಗಿ ಕಂಡದ್ದು ಆ ರಾತ್ರಿ, ಹತ್ತೂಮುಕ್ಕಾಲಿಗೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಬೆಳಿಗ್ಗೆ ಏಳಕ್ಕೆ ಶಾಲೆಯಿದೆ" ಎಂದಳು. ಅವಳು ಶಿಕ್ಷಕಿ.

ಗೋಡೆ, ಮತ್ತು ಒಡೆದ ಗೋಡೆ

ಕೋಟೆಗೋಡೆಯನ್ನು ಒಂದೇ ಉದ್ದಕ್ಕೆ ಕಟ್ಟದೆ 15 ಸೆಂಟಿಮೀಟರ್‌ನ ತುಂಡುಗಳಾಗಿ ಮಾಡಿ. ಥರ್ಮೋಕೋಲಿನ ಎರಡು ಬೆರಳು ದಪ್ಪದ ಪಟ್ಟಿ ಒಳಗೆ. ಕೆಳಗೆ ಐದು ಸೆಂಟಿಮೀಟರ್ ಅಗಲದ ರಟ್ಟಿನ ಪಾದ. ಒಂದು ಪದರ ರಟ್ಟಾದರೆ ಅಂಟು, ಬಣ್ಣ ಹಚ್ಚಿದ ಮೇಲೆ ದೋಸೆಯಂತೆ ಅಂಚು ಏಳುತ್ತದೆ. ಎರಡು ಪದರಗಳನ್ನು ಒಳಗಿನ ಸುಕ್ಕುಗಳು ಅಡ್ಡಡ್ಡವಾಗುವಂತೆ ಅಂಟಿಸಿ, ಅಡಿಗೂ ಬಣ್ಣ ಬಳಿದರೆ ನೆಟ್ಟಗಿರುತ್ತದೆ.

ಕಲ್ಲುಗಳು ಮೊಟ್ಟೆಯ ಟ್ರೇಯಿಂದ. ಬೂದು ಬಣ್ಣದ ಕಾಗದದ ಟ್ರೇಯ ಮೈ ತರಿತರಿಯಾಗಿರುವುದರಿಂದ ಉಳಿ ಬಿದ್ದ ಕಲ್ಲಿನಂತೆಯೇ ಕಾಣುತ್ತದೆ. ಕತ್ತರಿ ಬೇಡ, ಕೈಯಲ್ಲಿ ಹರಿಯಿರಿ. ಕೆಳಗಿನ ಸಾಲಿಗೆ ಹೆಬ್ಬೆರಳುಗುರಿನಷ್ಟು ದೊಡ್ಡವು, ಮೇಲೆ ಹೋದಂತೆ ಕಿರುಬೆರಳುಗುರಿನಷ್ಟು. ಇಟ್ಟಿಗೆಯಂತೆ ಒಂದೇ ಸಮ ಮಾಡಿದರೆ ಕೋಟೆ ಹೋಗಿ ಕಾಂಪೌಂಡ್ ಗೋಡೆಯಾಗುತ್ತದೆ. ಅಂಟಿಸಿ ಒದ್ದೆಯಿರುವಾಗಲೇ ಬೆರಳಿನಿಂದ ಒತ್ತಿ. ಗೋಡೆಯ ನೆತ್ತಿಯಲ್ಲಿ ಹಲ್ಲಿನಂತೆ ಸಾಲಾಗಿರುವ ತೆನೆಗಳಿಗೆ ಮಾತ್ರೆ ಪೆಟ್ಟಿಗೆಯ ರಟ್ಟನ್ನು ಮೂರು ಪದರ ಅಂಟಿಸಿ, ತುದಿ ದುಂಡಗೆ ಕತ್ತರಿಸಿ ಸಾಲಾಗಿ ನಿಲ್ಲಿಸಿ. ನಡುವೆ ಬಂದೂಕು ಹೊರಚಾಚುವಷ್ಟೇ ಜಾಗ.

ಬುರುಜಿಗೆ ಆ ಪ್ರೋಟೀನ್ ಡಬ್ಬವನ್ನು ಎಂಟು ಸೆಂಟಿಮೀಟರ್‌ಗೆ ಕೊಯ್ದು, ಮೈಯನ್ನು ಉಪ್ಪುಕಾಗದದಿಂದ ಗೀರಿ, ಮಾಹಿತಿ ಹಾಳೆ ಸುತ್ತಿ, ಮೇಲೆ ಅದೇ ಕಲ್ಲುಗಳು. ನುಣುಪು ಪ್ಲಾಸ್ಟಿಕ್ಕಿಗೆ ನೇರವಾಗಿ ಅಂಟಿಸಿದ್ದು ಬೇಸಿಗೆಯಲ್ಲಿ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಮುಚ್ಚಳ ಕೂರಿಸುವ ಮೊದಲು ನಿಮ್ಮ ಫಿರಂಗಿಯನ್ನು ಅದರ ಮೇಲೆ ಇಟ್ಟು ನೋಡಿ. ನಾನು ನೋಡಲಿಲ್ಲ. ಮೊದಲ ಬುರುಜಿನ ಮೇಲೆ ಫಿರಂಗಿ ಹಿಡಿಸಲಿಲ್ಲ. ಅದಕ್ಕೀಗ ಕಾವಲುಗೋಪುರ ಎಂದು ಹೆಸರು.

ಆಟಕ್ಕೆ ಅತ್ಯಂತ ಉಪಯೋಗವಾದದ್ದು ಒಡೆದ ತುಂಡು. ಇಡೀ ಗೋಡೆಯ ತುಂಡಿನಷ್ಟೇ ಉದ್ದ, ಅಷ್ಟೇ ಅಗಲದ ಪಾದ, ಆದರೆ ನಡುವೆ ಕುಸಿದು ಕಲ್ಲುರಾಶಿ. ಫಿರಂಗಿಯ ದಾಳಗಳು ಸಾಕಷ್ಟು ಬಿದ್ದ ಮೇಲೆ ಇಡೀ ತುಂಡು ಎತ್ತಿ ಒಡೆದದ್ದನ್ನು ಇಡುತ್ತೇವೆ. ಕಲ್ಲುರಾಶಿಗೆ ಥರ್ಮೋಕೋಲ್ ಚೂರು, ಮೊಟ್ಟೆ ಟ್ರೇ ಚೂರು, ಹೂಕುಂಡದ ಮುರಿದ ಬಿಲ್ಲೆ, ಮರಳು ಎಲ್ಲವೂ ಆಗುತ್ತದೆ. ಕುಸಿತದ ಇಳಿಜಾರು ಒಳಗಿನಿಂದ ಹೊರಕ್ಕೆ ಚೆಲ್ಲಿದಂತಿರಲಿ, ಸೈನಿಕರು ಅದನ್ನೇ ಹತ್ತಬೇಕು.

ಬಿದಿರು

ಬಿದಿರು ಮೆಳೆಗೆ ನನಗೆ ಗುರು ಮನೆಯ ಹೊಸ ಹುಲ್ಲುಪೊರಕೆ. ಹೊಸ ಪೊರಕೆ ಮೊದಲ ಒಂದು ತಿಂಗಳು ಗುಡಿಸುವುದಕ್ಕಿಂತ ಉದುರಿಸುವುದೇ ಹೆಚ್ಚು. ಆ ಉದುರಿದ ತುದಿಗಳು ಬಿದಿರಿನ ಬಾಗಿದ ಗರಿಯಂತಿರುತ್ತವೆ. ಅವನ್ನು ಒಂದು ಡಬ್ಬದಲ್ಲಿ ಕೂಡಿಹಾಕಿ. ಹಸಿರು ಬಣ್ಣಕ್ಕೆ ನೀರು ಬೆರೆಸಿ ಅದ್ದಿ ಒಣಗಿಸಿ; ಎಲ್ಲವನ್ನೂ ಒಂದೇ ಹಸಿರು ಮಾಡದೆ ಕೆಲವನ್ನು ಹಾಗೆಯೇ ಒಣಹುಲ್ಲಿನ ಬಣ್ಣಕ್ಕೆ ಬಿಡಿ. ಡಿಸೆಂಬರ್ ತಿಂಗಳ ಕಾಡು ಆಷಾಢದ ಕಾಡಿನಷ್ಟು ಹಸಿರಾಗಿರುವುದಿಲ್ಲ.

ಕಾಂಡಕ್ಕೆ ಕಡ್ಡಿಪೊರಕೆಯ ತೆಂಗಿನ ಕಡ್ಡಿಗಳು. ಬುಡ ದಪ್ಪ, ತುದಿ ಸಣ್ಣ, ತಾನಾಗಿಯೇ ಬಾಗಿರುತ್ತವೆ. ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಉದ್ದದ ಎಂಟು ಹತ್ತು ಕಡ್ಡಿಗಳ ಬುಡವನ್ನು ದಾರದಿಂದ ಕಟ್ಟಿ, ಸಿರಪ್ ಬಾಟಲಿಯ ಲೋಹದ ಮುಚ್ಚಳದಲ್ಲಿ ಪುಟ್ಟಿ ತುಂಬಿ ನೆಡಿ. ಹೊರಗಿನವು ಹೊರಕ್ಕೆ ಬಾಗಿರಲಿ, ನಡುವಿನವು ನೆಟ್ಟಗಿರಲಿ. ಪುಟ್ಟಿ ಗಟ್ಟಿಯಾದ ಮೇಲೆ ತುದಿಗಳಿಗೆ ಹುಲ್ಲಿನ ಗರಿ ಅಂಟಿಸಿ. ಬುಡದಲ್ಲಿ ಎಲೆ ಕಸಕ್ಕೆ ಬಳಸಿದ ಟೀ ಪುಡಿ ಸರಿಯಾಗುತ್ತದೆ, ಆದರೆ ಎಚ್ಚರ: ಬಿಸಿಲಿನಲ್ಲಿ ಒಣಗಿಸಿದ್ದು ಸಾಲದು. ನನ್ನ ಮೊದಲ ಹತ್ತು ಮೆಳೆಗಳ ಬುಡದಲ್ಲಿ ಹಿಂಗಾರಿನ ಮಳೆಗೆ ಬಿಳಿ ಬೂಷ್ಟು ಬಂತು. ಟೀ ಪುಡಿಯನ್ನು ಎರಡು ನೀರು ತೊಳೆದು ಹಾಲು ಸಕ್ಕರೆ ಹೋಗಿಸಿ, ಹಳೆಯ ಬಾಣಲೆಯಲ್ಲಿ ಗರಿಗರಿಯಾಗುವವರೆಗೆ ಹುರಿಯಬೇಕು. ರಾಗಿ, ಸಾಸಿವೆಯನ್ನು ಗುಂಡುಕಲ್ಲುಗಳಾಗಿ ಅಂಟಿಸಿದ ಪ್ರಯೋಗವನ್ನು ಇರುವೆಗಳು ಒಂದೇ ರಾತ್ರಿಯಲ್ಲಿ ಮುಗಿಸಿದವು. ತಿನ್ನುವ ಪದಾರ್ಥ ಬೇಡ.

ಮೆಳೆಗಳನ್ನು ಯಾವ ಹಲಗೆಗೂ ಅಂಟಿಸಬೇಡಿ. ಕಾಡಿನ ಎಲ್ಲೆ ತೋರಿಸಲು ಕಂದು ಬಣ್ಣದ ಬಟ್ಟೆಯ ತುಂಡು ಹಾಸಿ, ಅದರ ಮೇಲೆ ಬಿಡಿಬಿಡಿಯಾಗಿ ನಿಲ್ಲಿಸಿ. ಸೈನಿಕರು ಒಳಹೊಕ್ಕಾಗ ಪಕ್ಕಕ್ಕೆ ಸರಿಸಬಹುದು. ಇನ್ನೊಂದು ಲಾಭವೂ ಇದೆ. ನಮ್ಮ ಆಟದಲ್ಲಿ ಬ್ರಿಟಿಷ್ ಪಕ್ಷ ಒಂದು ಸರದಿಯಲ್ಲಿ ಕೊಡಲಿಯವರನ್ನು ದುಡಿಸಿ ಎರಡು ಮೆಳೆ ಮೇಜಿನಿಂದ ತೆಗೆಯಬಹುದು. ಫಿರಂಗಿ ಮೆಳೆಯಿಲ್ಲದ ಜಾಗದಲ್ಲಿ ಮಾತ್ರ ಮುಂದುವರಿಯುತ್ತದೆ. ಮೈಸೂರಿನ ಪಕ್ಷ ಅಷ್ಟರಲ್ಲಿ ರಾಕೆಟ್ ಹಾರಿಸುತ್ತಿರುತ್ತದೆ. ಆ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ, ಬಿದಿರಿನ ಬಾಲ ಇರುತ್ತಿದ್ದವು. ನಾನು ಊದುಬತ್ತಿ ಕಡ್ಡಿಯ ಸೀಳಿಗೆ ಮಾತ್ರೆ ಪಟ್ಟಿಯ ಹಾಳೆ ಸುತ್ತಿ, ಬಾಲಕ್ಕೆ ಹತ್ತಿ ಅಂಟಿಸಿದ್ದೇನೆ. ಕಡ್ಡಿ ಹೇಗೂ ಬಿದಿರಿನದೇ.

ನೆಲ, ಹಳ್ಳಿ

ನೆಲಕ್ಕೆ ಹಳೆಯ ಕಂದು ಬೆಡ್‌ಶೀಟು. ಬೆಟ್ಟದ ಪಾದಕ್ಕೂ ಮೆಳೆಯ ಬುಡಕ್ಕೂ ಅಂಟಿಸಲು ನಿಜವಾದ ಕೆಮ್ಮಣ್ಣು: ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಬಾಣಲೆಯಲ್ಲಿ ಬಿಸಿಮಾಡಿ ಹುಳು ಬೀಜ ಇಲ್ಲದಂತೆ ಮಾಡಿ, ಫೆವಿಕಾಲ್ ಬಳಿದ ಜಾಗಕ್ಕೆ ಉದುರಿಸಬೇಕು. ಒಣಗಿದ ಮೇಲೆ ನೀರಾದ ಫೆವಿಕಾಲಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಡ್ರಾಪರ್‌ನಿಂದ ಮೇಲೆ ಬಿಟ್ಟರೆ ಮಣ್ಣು ಕುಡಿದುಕೊಳ್ಳುತ್ತದೆ, ಮತ್ತೆ ಉದುರುವುದಿಲ್ಲ. ಜಾಲರಿಯನ್ನು ಬೇರೆ ಕೊಳ್ಳಿ. ಅಡುಗೆಮನೆಯದನ್ನು ಬಳಸಿದ ಪರಿಣಾಮ ಇಲ್ಲಿ ಬರೆಯುವುದಿಲ್ಲ.

ಗುಡಿಸಲಿಗೆ ಮಾತ್ರೆ ಪೆಟ್ಟಿಗೆಯೇ ಗೋಡೆ, ಪುಟ್ಟಿಯೇ ಮಣ್ಣಿನ ಗಾರೆ. ಮಾಡಿಗೆ ತೆಂಗಿನ ನಾರನ್ನು ಬಾಚಿ, ಎರಡು ಸೆಂಟಿಮೀಟರ್ ಕಟ್ಟುಗಳಾಗಿ ಕತ್ತರಿಸಿ ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ ಅಂಟಿಸಿ. ಮಾಡು ಎತ್ತಿ ತೆಗೆಯುವಂತಿರಲಿ, ಒಳಗೆ ನಾಲ್ಕು ಸೈನಿಕರು ನಿಲ್ಲಬೇಕು. ರಟ್ಟಿನ ಸುಕ್ಕು ಪದರವನ್ನು ಹಂಚು ಎಂದು ಹೊದಿಸುವ ಆಸೆ ಎಲ್ಲರಿಗೂ ಬರುತ್ತದೆ. ಈ ಪ್ರಮಾಣಕ್ಕೆ ಆ ಸುಕ್ಕು ಬಹಳ ದಪ್ಪ. ಅದೂ ಅಲ್ಲದೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. 1791ರ ಮಾಗಡಿಯ ಮನೆಗೆ ಮಂಗಳೂರು ಹಂಚು ಹೊದಿಸಿದರೆ ಭಾಮೈದನಂಥವರು ಬಿಡುವುದಿಲ್ಲ. ಲಂಟಾನದ ಪೊದೆ, ಬಳ್ಳಾರಿ ಜಾಲಿ ಕೂಡ ಆಮೇಲೆ ಬಂದವು. ಮುಳ್ಳುಪೊದೆ ಬೇಕಾದರೆ ಒಣಗಿದ ಹೀರೆಕಾಯಿಯ ನಾರನ್ನು ಹರಿದು ಬಣ್ಣ ಅದ್ದಿ.

ನೀರಿಗೆ ಕನ್ನಡಿ. ಇದು ಅಮ್ಮನಿಂದ ಕದ್ದ ವಿದ್ಯೆ. ದಸರಾ ಗೊಂಬೆ ಕೂರಿಸುವಾಗ ಅವರು ಕನ್ನಡಿಯನ್ನು ಕೆರೆ ಮಾಡಿ, ಅಂಚಿಗೆ ಮಣ್ಣು ಹಾಕಿ ರಾಗಿ ಮೊಳಕೆ ಬರಿಸುತ್ತಿದ್ದರು. ಒಂಬತ್ತು ದಿನದಲ್ಲಿ ಗದ್ದೆಯೇ ಎದ್ದು ನಿಲ್ಲುತ್ತಿತ್ತು. ನಾನು ಕೆರೆಗೆ ಒಡೆದ ಬಾಚಣಿಗೆ ಕನ್ನಡಿ ಹಾಕಿದ್ದೇನೆ, ಅಂಚು ಪುಟ್ಟಿಯಲ್ಲಿ ಮುಚ್ಚಿದ್ದೇನೆ.

ಎತ್ತಿಡುವುದು

ಕಟ್ಟುವ ಮೊದಲೇ ಎಲ್ಲಿ ಇಡುತ್ತೇನೆ ಎಂದು ಅಳೆದುಕೊಳ್ಳಿ. ಹಳೆಯ ಜರ್ಮನಿಯ ಪ್ರಷ್ಯಾ ರಾಜ್ಯದ ರೈಸ್ವಿಟ್ಸ್ 1812ರಲ್ಲಿ ತನ್ನ ರಾಜನಿಗೆ ಯುದ್ಧದಾಟವನ್ನು ಒಪ್ಪಿಸಿದಾಗ ಅದಕ್ಕೆಂದೇ ಖಾನೆಗಳಿರುವ ಮೇಜು ಮಾಡಿಸಿದ್ದ. ನೆಲದ ತುಂಡುಗಳು ಖಾನೆಯೊಳಗೆ, ಆಟ ಮೇಜಿನ ಮೇಲೆ. ನನ್ನ ಖಾನೆ ದಿವಾನ್ ಮಂಚದ ಕೆಳಗಿನ ಇಪ್ಪತ್ತು ಸೆಂಟಿಮೀಟರ್. ಬೆಟ್ಟ ಹದಿನೆಂಟಕ್ಕೆ ನಿಂತದ್ದು ಅದಕ್ಕೇ. ಗೋಡೆ, ಬುರುಜು ಒಂದು ಪೆಟ್ಟಿಗೆ. ಮೆಳೆಗಳು ಇನ್ನೊಂದು, ಥರ್ಮೋಕೋಲ್ ಹಲಗೆಯಲ್ಲಿ ಮುಚ್ಚಳದಗಲದ ತೂತು ಕೊರೆದು ನಿಲ್ಲಿಸಿದ್ದು, ಗರಿ ಮುರಿಯುವುದಿಲ್ಲ. ಪ್ರತಿ ಪೆಟ್ಟಿಗೆಗೂ ಮಾತ್ರೆ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕುತ್ತೇನೆ, ಪೊಟ್ಟಣ ಬಿಚ್ಚದೆ. ಟೀ ಪುಡಿಯ ಪ್ರಕರಣದ ನಂತರ ಮತ್ತೆ ಬೂಷ್ಟು ಕಂಡಿಲ್ಲ.

ಭಾನುವಾರ ಮೇಜು ಸಜ್ಜಾಗಲು ಹನ್ನೆರಡು ನಿಮಿಷ, ಬಿಚ್ಚಲು ಏಳು. ರಾತ್ರಿ ಎಂಟಕ್ಕೆ ಅದೇ ಮೇಜಿನ ಮೇಲೆ ಊಟ.

ಕಳೆದ ದಸರಾದಲ್ಲಿ ಅರ್ಧ ಕಟ್ಟಿದ್ದ ಬೆಟ್ಟವನ್ನು ಅಮ್ಮ ಕೇಳಿ ಪಡೆದರು. ಒಂಬತ್ತು ದಿನ ಅದು ಚಾಮುಂಡಿ ಬೆಟ್ಟವಾಗಿತ್ತು. ನೆತ್ತಿಯ ಸಮತಟ್ಟಿನ ಮೇಲೆ ಗುಡಿ, ಪಕ್ಕದಲ್ಲಿ ಬಸವಣ್ಣ. ವಾಪಸ್ಸು ಬಂದಾಗ ಪುಟ್ಟಿಯ ತರಿಯೊಳಗೆ ಕುಂಕುಮ ಇಳಿದಿತ್ತು, ಎಷ್ಟು ಬಣ್ಣ ಬಳಿದರೂ ಒಂದು ಕಡೆ ಕೆಂಪು ಇಣುಕುತ್ತದೆ. ಆ ಸಮತಟ್ಟಿಗೆ ಯಾರೂ ಫಿರಂಗಿ ಏರಿಸುವಂತಿಲ್ಲ ಎಂದು ಭಾಮೈದ ನಿಯಮ ಬರೆದಿದ್ದಾನೆ. ಕೋಟೆ ಕಾಯುವವನು ನಾನು, ನನಗೇ ನಷ್ಟ.